ಅನ್ನವನ್ನು ಕಾಯ್ದು ಮಣ್ಣಿಗೆ ಮರಳುವ ಹೊದಿಕೆ

ಕಲಬುರಗಿ ಜಿಲ್ಲೆಯ ಚಿಂಚೋಳಿ ಕಾಡಿನ ನಡುವೆ ಚಂದ್ರಂಪಳ್ಳಿ ಜಲಾಶಯವಿದೆ. ಆ ಸೀಮೆಯಲ್ಲಿ ಪ್ರಯಾಣ ಹೊರಟವರ ಬುತ್ತಿಯೆಂದರೆ ಕಡಕ್ ಜೋಳದ ರೊಟ್ಟಿ ಮತ್ತು ಶೇಂಗಾ ಹಿಂಡಿ. ಹಿಂದೆ ಅದನ್ನು ಬಟ್ಟೆಯಲ್ಲಿ ಕಟ್ಟುತ್ತಿದ್ದರು. ಇಂದು ಅಂಗಡಿಯ ರೊಟ್ಟಿ ಪ್ಲಾಸ್ಟಿಕ್ ಪ್ಯಾಕೆಟ್‌ನಲ್ಲಿ ಬರುತ್ತದೆ. ರೊಟ್ಟಿ ಒಂದೇ ಹೊತ್ತಿಗೆ ಮುಗಿಯುತ್ತದೆ. ದಂಡೆಯಲ್ಲಿ ಬಿಸಾಡಿದ ಪ್ಯಾಕೆಟ್ ಮಾತ್ರ ನಮ್ಮ ಮೊಮ್ಮಕ್ಕಳ ಕಾಲಕ್ಕೂ ಉಳಿದೀತು. ನಮ್ಮ ಕರಾವಳಿಯ ತೋಡು, ಕಡಲತೀರಗಳಲ್ಲಿ ಸಿಗುವ ತೊಟ್ಟೆಗಳ ಕಥೆಯೂ ಇದೇ.

ಒಂದೇ ಸಲ ಬಳಸುವ ಹಲವು ಪ್ಲಾಸ್ಟಿಕ್ ವಸ್ತುಗಳನ್ನು ಕೇಂದ್ರ ಸರಕಾರ 2022ರ ಜುಲೈ 1ರಿಂದ ನಿಷೇಧಿಸಿದೆ. ಆದರೆ ಪ್ಲಾಸ್ಟಿಕ್ ಆಹಾರವನ್ನು ಗಾಳಿ, ತೇವ, ಧೂಳಿನಿಂದ ಕಾಯುತ್ತದೆ ಎಂಬುದನ್ನೂ ಮರೆಯಬಾರದು. ಅದರ ಬದಲಿಗೆ ಬರುವ ವಸ್ತು ಈ ಕೆಲಸವನ್ನೂ ಮಾಡಬೇಕು, ಕೆಲಸ ಮುಗಿದ ಮೇಲೆ ಮಣ್ಣಿಗೂ ಸೇರಬೇಕು. ವಿಜ್ಞಾನಿಗಳು ಹುಡುಕುತ್ತಿರುವುದು ಅಂಥದ್ದನ್ನೇ.

ಸಿಗಡಿ ಸಿಪ್ಪೆಯಿಂದ ಹಾಳೆ

ಜೋಳ ಮತ್ತು ಮರಗೆಣಸಿನ ಪಿಷ್ಟ, ಹುಲ್ಲು ಮತ್ತು ಹೊಟ್ಟಿನ ನಾರು, ಕಡಲ ಪಾಚಿಯ ಅಂಟು, ಇವೆಲ್ಲ ನಿಸರ್ಗವೇ ಕೊಟ್ಟ ಪಾಲಿಮರ್‌ಗಳು. ನಾವು ಎಸೆಯುವ ಸಿಗಡಿ, ಏಡಿಗಳ ಸಿಪ್ಪೆಯಲ್ಲಿಯೂ ಕೈಟಿನ್ ಎಂಬ ಪಾಲಿಮರ್ ಇದೆ. ಸಿಪ್ಪೆಯ ಸುಣ್ಣದ ಅಂಶವನ್ನು ಆಮ್ಲದಿಂದಲೂ ಪ್ರೋಟೀನನ್ನು ಕ್ಷಾರದಿಂದಲೂ ತೆಗೆದು, ಉಳಿದದ್ದನ್ನು ಗಾಢ ಕ್ಷಾರದಲ್ಲಿ ಕಾಯಿಸಿದರೆ ಕೈಟೋಸಾನ್ ದೊರೆಯುತ್ತದೆ. ಇದನ್ನು ವಿನೆಗರಿನಲ್ಲಿರುವಂಥ ಆಮ್ಲದಲ್ಲಿ ಕರಗಿಸಿ ತಟ್ಟೆಗೆ ಹೊಯ್ದು ಒಣಗಿಸಿದರೆ ತೆಳುವಾದ ಪಾರದರ್ಶಕ ಹಾಳೆ ಸಿದ್ಧ.

ಈ ಹಾಳೆ ಸುಮ್ಮನೆ ಮುಚ್ಚುವುದಷ್ಟೇ ಅಲ್ಲ, ಸೂಕ್ಷ್ಮಾಣುಗಳನ್ನೂ ತಡೆಯುತ್ತದೆ. ಕೈಟೋಸಾನಿನ ಧನ ವಿದ್ಯುದಂಶ ಬ್ಯಾಕ್ಟೀರಿಯಾದ ಹೊರಪದರದ ಋಣ ವಿದ್ಯುದಂಶಕ್ಕೆ ಅಂಟಿ, ಆ ಪದರವನ್ನು ಹಾಳುಗೆಡವುತ್ತದೆ. ಹೀಗೆ ತಾನೇ ಕೆಲಸ ಮಾಡುವ ಹೊದಿಕೆಗೆ ‘ಸಕ್ರಿಯ ಪ್ಯಾಕೇಜಿಂಗ್’ ಎಂದು ಹೆಸರು.

1950ರಲ್ಲಿ ಆರಂಭವಾದ ಮೈಸೂರಿನ ಕೇಂದ್ರೀಯ ಆಹಾರ ತಂತ್ರಜ್ಞಾನ ಸಂಶೋಧನಾಲಯದಲ್ಲಿ (ಸಿಎಫ್‌ಟಿಆರ್‌ಐ) ಇದನ್ನು ಮಾವಿನ ಹಣ್ಣಿನ ಮೇಲೆ ಪರೀಕ್ಷಿಸಿದರು. 2002ರಲ್ಲಿ ಪ್ರಕಟವಾದ ಆ ಅಧ್ಯಯನದಂತೆ, ಯಾವ ಹಾಳೆಯನ್ನೂ ಮುಚ್ಚದೆ ಹಾಗೆಯೇ ಇಟ್ಟ ಹಣ್ಣು ಸುಮಾರು 9 ದಿನ ಬಾಳಿದರೆ, ಕೈಟೋಸಾನ್ ಹಾಳೆ ಮುಚ್ಚಿದ ಪೆಟ್ಟಿಗೆಯ ಹಣ್ಣು 18 ದಿನಗಳವರೆಗೆ ಕೆಡದೆ ಉಳಿಯಿತು.

ಮಾವಿಗೆ ಒಳಿತು, ರೊಟ್ಟಿಗೆ ಕೆಡುಕು

ಕಿತ್ತ ಹಣ್ಣೂ ಉಸಿರಾಡುತ್ತದೆ. ಕೈಟೋಸಾನ್ ಹಾಳೆ ನೀರಾವಿಯನ್ನು ಹೊರಬಿಡುವುದರಿಂದ ಒಳಗೆ ಬೆವರು ನಿಲ್ಲುವುದಿಲ್ಲ. ಆದರೆ ಕಡಕ್ ರೊಟ್ಟಿಗೆ ಇದೇ ಗುಣ ಶತ್ರು. ಹೊರಗಿನ ತೇವ ಒಳಹೊಕ್ಕರೆ ಅದು ಮೆತ್ತಗಾಗಿ ಬೂಷ್ಟು ಹಿಡಿಯುತ್ತದೆ. ಪಿಷ್ಟದ ಹಾಳೆಗಳಿಗೂ ಈ ದೌರ್ಬಲ್ಯವಿದೆ.

ಇಲ್ಲಿ ನೆರವಿಗೆ ಬರುವುದು ನ್ಯಾನೋಕಣಗಳು. ಒಂದು ನ್ಯಾನೋಮೀಟರ್ ಎಂದರೆ ಮಿಲಿಮೀಟರಿನ ಹತ್ತು ಲಕ್ಷದಲ್ಲಿ ಒಂದು ಪಾಲು. ಜೇಡಿಮಣ್ಣಿನ ಅಷ್ಟು ತೆಳುವಾದ ಪದರಗಳನ್ನು ಹಾಳೆಯಲ್ಲಿ ಬೆರೆಸಿದರೆ, ತೇವವೂ ಗಾಳಿಯೂ ನೇರ ದಾಟಲಾಗದೆ ಸುತ್ತಿ ಬಳಸಿ ಹೋಗಬೇಕಾಗುತ್ತದೆ. ಸತುವಿನ ಆಕ್ಸೈಡ್ ಅಥವಾ ಬೆಳ್ಳಿಯ ಕಣಗಳು ಸೂಕ್ಷ್ಮಾಣುಗಳ ಬೆಳವಣಿಗೆಯನ್ನು ತಡೆಯುತ್ತವೆ.

ಆದರೆ ಈ ಕಣಗಳು ಹೊದಿಕೆಯಿಂದ ಆಹಾರಕ್ಕೆ, ಆಹಾರದಿಂದ ದೇಹಕ್ಕೆ ಹೋದರೇನು? ಹಾಳೆ ಕೊಳೆತ ಮೇಲೆ ಮಣ್ಣಿನಲ್ಲಿ ಉಳಿಯುವ ಬೆಳ್ಳಿ ಅಲ್ಲಿನ ಉಪಕಾರಿ ಜೀವಿಗಳನ್ನು ಕೊಂದರೇನು? ಆದ್ದರಿಂದ ಎಷ್ಟು ಕಣ ಆಹಾರಕ್ಕೆ ಇಳಿಯುತ್ತದೆ ಎಂದು ಅಳೆಯದೆ ಯಾವ ಹೊದಿಕೆಯನ್ನೂ ಒಪ್ಪುವಂತಿಲ್ಲ. ಸಿಗಡಿ, ಏಡಿ ಒಗ್ಗದವರ ಅಲರ್ಜಿಯ ವಿಚಾರವನ್ನೂ ಗಮನಿಸಬೇಕು. ‘ನೈಸರ್ಗಿಕ’ ಎಂಬ ಒಂದು ಪದ ಸುರಕ್ಷತೆಯ ಖಾತ್ರಿಯಲ್ಲ.

ನಾವು ಮಾಡಬಹುದಾದದ್ದು

‘ಮಣ್ಣಲ್ಲಿ ಕರಗುತ್ತದೆ’ ಎಂದು ಮಾರುವ ಚೀಲಗಳು ಈಗ ಅಂಗಡಿಗಳಲ್ಲಿ ಸಿಗುತ್ತವೆ. ಪ್ರಿಯ ಓದುಗರೇ, ಕೊಳ್ಳುವ ಮುನ್ನ ‘ಕಂಪೋಸ್ಟೆಬಲ್’ ಎಂಬ ಮಾತಿನೊಡನೆ ತಯಾರಕರ ಹೆಸರು ಮತ್ತು ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿಯ ಪ್ರಮಾಣಪತ್ರದ ಸಂಖ್ಯೆ ಇದೆಯೇ ನೋಡಿ. ಆಗಲೂ ಒಂದು ಎಚ್ಚರ ಬೇಕು. ಇಂಥ ವಸ್ತುಗಳನ್ನು ಪರೀಕ್ಷಿಸುವುದು ಸುಮಾರು 58 ಡಿಗ್ರಿ ಸೆಲ್ಸಿಯಸ್ ಕಾವಿನ ಗೊಬ್ಬರದಲ್ಲಿ. ಹಿತ್ತಿಲ ಗುಂಡಿಯಲ್ಲಿ ಅಷ್ಟು ಕಾವು ನಿಲ್ಲುವುದು ಅಪರೂಪ, ತೋಡಿನ ನೀರಿನಲ್ಲಂತೂ ಇಲ್ಲವೇ ಇಲ್ಲ. ಹಾಗಾಗಿ ಇವನ್ನೂ ಬೀದಿಗೆ ಎಸೆಯುವಂತಿಲ್ಲ, ಹಸಿಕಸದೊಂದಿಗೆ ಗೊಬ್ಬರದ ಘಟಕಕ್ಕೆ ಕಳುಹಿಸಬೇಕು.

ಚರ್ಚಿನ ಹಬ್ಬ, ವಾರ್ಷಿಕೋತ್ಸವಗಳ ಊಟದ ವ್ಯವಸ್ಥೆ ನೋಡಿಕೊಳ್ಳುವವರು ಬಾಳೆ ಎಲೆ, ಮುತ್ತುಗದ ಎಲೆ, ತೊಳೆದು ಮತ್ತೆ ಬಳಸುವ ಸ್ಟೀಲ್ ತಟ್ಟೆಗಳನ್ನೇ ಮೊದಲು ನೆನೆಯಲಿ. ತಕ್ಷಣ ಉಣ್ಣುವ ಊಟಕ್ಕೆ ನ್ಯಾನೋಕಣಗಳ ಹೊದಿಕೆ ಬೇಕಿಲ್ಲ. ಅದು ಬೇಕಾಗಿರುವುದು ದೂರ ಸಾಗುವ ಹಣ್ಣಿಗೆ, ಬಹುದಿನ ಇಡುವ ರೊಟ್ಟಿಗೆ. ಸರಿಯಾಗಿ ಪರೀಕ್ಷೆಗೊಂಡು ಬಂದರೆ, ಕರಾವಳಿಯಲ್ಲಿ ನಾರುತ್ತ ಬಿದ್ದಿರುವ ಸಿಗಡಿ ಸಿಪ್ಪೆ ಒಂದು ದಿನ ಚಂದ್ರಂಪಳ್ಳಿಯ ದಾರಿಯ ಬುತ್ತಿಯನ್ನು ಕಾಯಬಹುದು.