ಗೆಟ್ಟಿಸ್‌ಬರ್ಗಿನ ಭಾಷಣ: ಅದರ ಪಾಠಗಳ ವಿಚಾರ

ಅಮೆರಿಕಾ ಸಂಯುಕ್ತ ಸಂಸ್ಥಾನಗಳ ಹದಿನಾರನೆಯ ಅಧ್ಯಕ್ಷನಾದ ಅಬ್ರಹಾಂ ಲಿಂಕನನು 1863ನೆಯ ಇಸವಿ ನವೆಂಬರು 19ನೆಯ ತಾರೀಖಿನ ದಿವಸ ಗೆಟ್ಟಿಸ್‌ಬರ್ಗಿನ ಶ್ಮಶಾನಭೂಮಿಯಲ್ಲಿ ಮಾಡಿದ ಭಾಷಣವು ಇಂಗ್ಲಿಷ್ ಸಾಹಿತ್ಯವನ್ನು ಓದಿದವರಿಗೆ ಅಪರಿಚಿತವಲ್ಲ. ಅದರಲ್ಲಿರುವುದು ಹತ್ತೇ ವಾಕ್ಯಗಳು; ಶಬ್ದಗಳು ಸುಮಾರು 270. ಇಷ್ಟು ಚಿಕ್ಕದಾದ, ಇಷ್ಟು ಪ್ರಸಿದ್ಧವಾದ, ಅದರಲ್ಲಿಯೂ ಅಚ್ಚಿನ ಯುಗದಲ್ಲಿಯೇ ಹುಟ್ಟಿದ ಗದ್ಯಖಂಡವೊಂದರ ಪಾಠದಲ್ಲಿ ಸಂದೇಹಕ್ಕೆ ಎಡೆಯಿರಲಾರದೆಂದು ಭಾವಿಸುವುದು ಸಹಜ. ವಸ್ತುಸ್ಥಿತಿ ಹಾಗಿಲ್ಲ. ಕರ್ತೃವಿನ ಸ್ವಹಸ್ತದ ಐದು ಪ್ರತಿಗಳು ಉಳಿದುಬಂದಿವೆ; ಅವುಗಳಲ್ಲಿ ಯಾವ ಎರಡೂ ಅಕ್ಷರಶಃ ಒಂದೇ ಆಗಿಲ್ಲ. ವೃತ್ತಪತ್ರಿಕೆಗಳ ವರದಿಗಾರರು ಬರೆದುಕೊಂಡ ಪಾಠಗಳು ಬೇರೆ ಇವೆ. ಓಲೆಯ ಪ್ರತಿಗಳನ್ನು ಮುಂದಿಟ್ಟುಕೊಂಡು ಹಳಗನ್ನಡ ಕಾವ್ಯಗಳನ್ನು ಪರಿಷ್ಕರಿಸುವ ಪಂಡಿತರು ಪಾಠಾಂತರ ಕಂಡೊಡನೆ ಲಿಪಿಕಾರನ ಅನವಧಾನವನ್ನು ಶಂಕಿಸುವುದು ವಾಡಿಕೆ. ಇಲ್ಲಿ ಲಿಪಿಕಾರನೂ ಗ್ರಂಥಕರ್ತನೂ ಒಬ್ಬನೇ. ಆದಕಾರಣ ವ್ಯತ್ಯಾಸಗಳನ್ನು ಪ್ರಮಾದವೆಂದು ತಳ್ಳಿಬಿಡುವಂತಿಲ್ಲ. ಅಧ್ಯಕ್ಷನು ಆಡಿದ ಮಾತು ಯಾವುದು, ಅವನು ಉಳಿಸಿಹೋದ ಮಾತು ಯಾವುದು ಎಂಬಿವು ಎರಡು ಬೇರೆ ಬೇರೆ ಪ್ರಶ್ನೆಗಳಾಗಿ ನಿಲ್ಲುತ್ತವೆ.

ಮೊದಲು ಸಂದರ್ಭವನ್ನು ಅರಿಯತಕ್ಕದ್ದು. 1863ನೆಯ ಜುಲೈ 1ರಿಂದ 3ರವರೆಗೆ ಪೆನ್ಸಿಲ್ವೇನಿಯಾ ಪ್ರಾಂತದ ಗೆಟ್ಟಿಸ್‌ಬರ್ಗಿನಲ್ಲಿ ನಡೆದ ಯುದ್ಧದಲ್ಲಿ ಸತ್ತವರು, ಗಾಯಗೊಂಡವರು, ಸೆರೆಸಿಕ್ಕವರು, ಕಾಣೆಯಾದವರು ಎಲ್ಲರೂ ಸೇರಿ ಎರಡು ಪಕ್ಷಗಳಿಂದ ಸುಮಾರು 50,000 ಮಂದಿ. ಊರಿನ ಜನಸಂಖ್ಯೆಯಾದರೋ ಎರಡೂವರೆ ಸಾವಿರವನ್ನು ಮುಟ್ಟುತ್ತಿರಲಿಲ್ಲ. ಅವಸರದಲ್ಲಿ ಅಲ್ಲಲ್ಲೇ ಮುಚ್ಚಿದ್ದ ಹೆಣಗಳನ್ನು ತೆಗೆದು ಮರ್ಯಾದೆಯಿಂದ ಹೂಳುವುದಕ್ಕಾಗಿ ಊರಿನ ವಕೀಲನಾದ ಡೇವಿಡ್ ವಿಲ್ಸನು ಪ್ರಾಂತದ ಗವರ್ನರನ ಅನುಮತಿಯಿಂದ 17 ಎಕರೆ ಭೂಮಿಯನ್ನು ಕೊಳ್ಳುವ ಏರ್ಪಾಡು ಮಾಡಿದನು. ಅದರ ಪ್ರತಿಷ್ಠಾಪನೆಯ ದಿವಸ ಮುಖ್ಯ ಭಾಷಣಕಾರನಾಗಿ ಗೊತ್ತಾದವನು ಅಧ್ಯಕ್ಷನಲ್ಲ. ಹಾರ್ವರ್ಡಿನಲ್ಲಿ ಗ್ರೀಕ್ ಅಧ್ಯಾಪಕನೂ ಅಲ್ಲಿಯ ಮುಖ್ಯಸ್ಥನೂ ಆಗಿದ್ದ, ದೇಶದಲ್ಲೆಲ್ಲ ವಾಗ್ಮಿಯೆಂದು ಹೆಸರಾದ ಎಡ್ವರ್ಡ್ ಎವರೆಟನು. ಅಕ್ಟೋಬರು 23ಕ್ಕೆ ನಿಶ್ಚಯವಾಗಿದ್ದ ದಿನವನ್ನು ನವೆಂಬರು 19ಕ್ಕೆ ಮುಂದೂಡಿದ್ದೂ ಎವರೆಟನ ಸಿದ್ಧತೆಗಾಗಿಯೇ. ಲಿಂಕನನಿಗೆ ವಿಲ್ಸನು ಬರೆದ ಪತ್ರದ ತಾರೀಖು ನವೆಂಬರು 2. ಕೇಳಿದ್ದು ಸಮಯೋಚಿತವಾದ ನಾಲ್ಕು ಮಾತುಗಳನ್ನು ಮಾತ್ರ.

ಇದನ್ನು ಅಗೌರವವೆಂದು ಎಣಿಸಬಾರದು. ಆ ಕಾಲದ ಅಧ್ಯಕ್ಷರು ಸಾರ್ವಜನಿಕವಾಗಿ ಮಾತನಾಡುತ್ತಿದ್ದುದೇ ವಿರಳ. ವಾಷಿಂಗ್ಟನ್ನನೂ ಆಡಮ್ಸನೂ ಕಾಂಗ್ರೆಸ್ ಸಭೆಗೆ ತಾವೇ ಹೋಗಿ ವಾರ್ಷಿಕ ನಿರೂಪವನ್ನು ಓದುತ್ತಿದ್ದರು; 1801ರಲ್ಲಿ ಜೆಫರ್ಸನ್ನನು ಅದನ್ನು ಬಿಟ್ಟು ಬರೆದು ಕಳುಹಿಸತೊಡಗಿದನು; 1913ರಲ್ಲಿ ವಿಲ್ಸನ್ ಅಧ್ಯಕ್ಷನು ಹಳೆಯ ಪದ್ಧತಿಯನ್ನು ಎತ್ತಿ ಹಿಡಿಯುವವರೆಗೂ ಗುಮಾಸ್ತರೇ ಅದನ್ನು ಸಭೆಯಲ್ಲಿ ಓದುತ್ತಿದ್ದರು. 1933ರಿಂದ ರೂಸ್‌ವೆಲ್ಟನು ರೇಡಿಯೋ ಮೂಲಕ ಮನೆಮನೆಗೆ ತನ್ನ ಧ್ವನಿಯನ್ನು ಮುಟ್ಟಿಸಿದುದು ಬೇರೆಯೇ ಯುಗದ ಮಾತು. ಲಿಂಕನನ ಕಾಲದಲ್ಲಿ ಅಧ್ಯಕ್ಷನ ಮಾತು ಜನರನ್ನು ತಲಪುತ್ತಿದ್ದುದು ಕಿವಿಯಿಂದಲ್ಲ, ವೃತ್ತಪತ್ರಿಕೆಯ ಅಂಕಣದಿಂದ. ಲಿಂಕನನು ಇದನ್ನು ಚೆನ್ನಾಗಿ ಬಲ್ಲವನು. ನವೆಂಬರು 18ರ ರಾತ್ರಿ ಗೆಟ್ಟಿಸ್‌ಬರ್ಗಿನಲ್ಲಿ ಜನರು ಗುಂಪುಗೂಡಿ ಮಾತನಾಡಬೇಕೆಂದು ಒತ್ತಾಯಿಸಿದಾಗ, ತನ್ನ ಸ್ಥಾನದಲ್ಲಿರುವವನು ಅವಿವೇಕದ ಮಾತನ್ನಾಡದಿರುವುದು ಮುಖ್ಯವೆಂದೂ, ಅದಕ್ಕೆ ಅನೇಕ ವೇಳೆ ಉಳಿಯುವ ಉಪಾಯ ಏನನ್ನೂ ಆಡದಿರುವುದೇ ಎಂದೂ ಹೇಳಿ ಅವನು ಒಳಕ್ಕೆ ಹೋದನು.

ಮರುದಿನದ ಭಾಷಣವನ್ನು ಅವನು ರೈಲುಗಾಡಿಯಲ್ಲಿ ಕುಳಿತು ಹರಕು ಕಾಗದದ ಮೇಲೆ ಗೀಚಿದನೆಂಬ ಕಥೆ ಬಹಳ ಪ್ರಚಾರದಲ್ಲಿದೆ. 1906ರಲ್ಲಿ ಪ್ರಕಟವಾಗಿ ಲೋಕಪ್ರಿಯವಾದ ಒಂದು ಕಲ್ಪಿತ ಕಥೆಯಿಂದ ಇದು ಹೆಚ್ಚಾಗಿ ಹರಡಿತು. ಪ್ರತಿಭೆಯು ಶ್ರಮವನ್ನರಿಯದೆಂದು ನಂಬುವವರಿಗೆ ಇಂಥ ಕಥೆಗಳು ರುಚಿಸುತ್ತವೆ. ಇದಕ್ಕೆ ಬಾಧಕವಾದ ಪ್ರಮಾಣಗಳು ಸ್ಪಷ್ಟವಾಗಿವೆ. ಮೊದಲ ಪ್ರತಿಯ ಮೊದಲ ಹಾಳೆಯು ಅಧ್ಯಕ್ಷಭವನದ ಶಿರೋನಾಮೆಯುಳ್ಳ ಕಾಗದ. ಮಸಿಯಲ್ಲಿ ಸ್ಥಿರವಾದ ಕೈಯಿಂದ ಬರೆದದ್ದು. ಇದಕ್ಕಿಂತಲೂ ಬಲವಾದ ಪ್ರಮಾಣ ಇನ್ನೊಂದುಂಟು. ಯುದ್ಧ ಮುಗಿದ ನಾಲ್ಕೇ ದಿನಕ್ಕೆ, ಜುಲೈ 7ರಂದು, ವಾಷಿಂಗ್ಟನ್ ನಗರದಲ್ಲಿ ಜನರು ಜಯೋತ್ಸಾಹದಿಂದ ಅಧ್ಯಕ್ಷನ ಮನೆಯ ಮುಂದೆ ನೆರೆದಾಗ ಲಿಂಕನನು ಸಿದ್ಧತೆಯಿಲ್ಲದೆ ಮಾತನಾಡಿದನು. ಸ್ವಾತಂತ್ರ್ಯಘೋಷಣೆಯಾಗಿ ಎಷ್ಟು ವರ್ಷಗಳಾದುವೆಂದು ತನ್ನನ್ನು ತಾನೇ ಕೇಳಿಕೊಂಡು, ಎಂಬತ್ತು ಚಿಲ್ಲರೆ ಎಂದು ಹೇಳಿ, ಮನುಷ್ಯರೆಲ್ಲರೂ ಸಮಾನರೆಂಬ ತತ್ತ್ವವನ್ನು ಎತ್ತಿ, ಇದು ಘನವಾದ ಭಾಷಣವಸ್ತುವಾದರೂ ತಾನು ಅದಕ್ಕೆ ಈಗ ಸಿದ್ಧನಾಗಿಲ್ಲವೆಂದು ನಿಲ್ಲಿಸಿದನು. ಜುಲೈ ತಿಂಗಳ ಆ ತೊದಲುಮಾತಿನಲ್ಲಿ ನವೆಂಬರಿನ ಭಾಷಣದ ಬೀಜವಿದೆ. ಎಂಬತ್ತು ಚಿಲ್ಲರೆಯೆಂಬುದು ನಾಲ್ಕು ಇಪ್ಪತ್ತು ಮತ್ತು ಏಳು ಎಂದಾಗುವುದಕ್ಕೆ, ಎಂದರೆ ವ್ಯವಹಾರದ ಲೆಕ್ಕವು ಇಂಗ್ಲಿಷ್ ಬೈಬಲ್ಲಿನ ಕೀರ್ತನೆಗಳ ಗಾಂಭೀರ್ಯವನ್ನು ತಾಳುವುದಕ್ಕೆ, ನಾಲ್ಕು ತಿಂಗಳು ಹಿಡಿಯಿತು.

ಇನ್ನು ಪ್ರತಿಗಳ ವಿಚಾರ. ಮೊದಲಿನ ಎರಡು ಪ್ರತಿಗಳು ಲಿಂಕನನ ಕಾರ್ಯದರ್ಶಿಗಳಾಗಿದ್ದ ನಿಕೊಲೆ, ಹೇ ಎಂಬವರ ಹೆಸರಿನಿಂದ ಕರೆಯಲ್ಪಡುತ್ತವೆ. ಎರಡೂ ಕಾಂಗ್ರೆಸ್ಸಿನ ಗ್ರಂಥಭಂಡಾರದಲ್ಲಿವೆ. ಉಳಿದ ಮೂರೂ ಭಾಷಣವಾದ ಮೇಲೆ, 1864ರಲ್ಲಿ, ಗಾಯಾಳು ಸೈನಿಕರ ಸಹಾಯಾರ್ಥವಾಗಿ ನಡೆದ ಜಾತ್ರೆಗಳಲ್ಲಿ ಹಣ ಕೂಡಿಸುವುದಕ್ಕೆಂದು ಬರೆದುಕೊಟ್ಟವು. ಒಂದು ಎವರೆಟನಿಗಾಗಿ, ಇನ್ನೊಂದು ಇತಿಹಾಸಕಾರನಾದ ಜಾರ್ಜ್ ಬ್ಯಾಂಕ್ರಾಫ್ಟನಿಗಾಗಿ. ಬ್ಯಾಂಕ್ರಾಫ್ಟನ ಪ್ರತಿಯನ್ನು ಕಾಗದದ ಎರಡು ಮಗ್ಗುಲಲ್ಲಿಯೂ ಬರೆದಿದ್ದುದರಿಂದ ಕಲ್ಲಚ್ಚಿಗೆ ಅದು ಒದಗಲಿಲ್ಲ. ಅವನ ಮಲಮಗನಾದ ಅಲೆಗ್ಸಾಂಡರ್ ಬ್ಲಿಸ್ಸನ ಪ್ರಾರ್ಥನೆಯಂತೆ ಲಿಂಕನನು ಐದನೆಯ ಪ್ರತಿಯನ್ನು ಬರೆದು, ತಲೆಬರಹವನ್ನೂ ತಾರೀಖನ್ನೂ ಹಾಕಿ, ಕೆಳಗೆ ರುಜು ಮಾಡಿದನು. ರುಜುವಿರುವುದು ಇದೊಂದಕ್ಕೇ. ಪಠ್ಯಪುಸ್ತಕಗಳಲ್ಲಿರುವುದೂ, ವಾಷಿಂಗ್ಟನ್ನಿನ ಲಿಂಕನ್ ಸ್ಮಾರಕದ ಗೋಡೆಯ ಮೇಲಿರುವುದೂ ಇದೇ ಪಾಠ. ಕಾಗದದ ಹಿಂಬದಿಯಲ್ಲಿ ಬರೆದ ಒಂದು ಕಾರಣದಿಂದ ಜಗತ್ತಿಗೆ ಅಂಗೀಕೃತ ಪಾಠವೊಂದು ದೊರೆತದ್ದು ವಿಲಕ್ಷಣವಾಗಿದೆ.

ಲಿಂಕನನು ಸಭೆಯಲ್ಲಿ ಕೈಯಲ್ಲಿ ಹಿಡಿದಿದ್ದುದು ನಿಕೊಲೆ ಪ್ರತಿಯನ್ನೆಂದು ನಿಕೊಲೆಯೇ ಹೇಳಿದನು. ಇದನ್ನು ಪೂರ್ಣವಾಗಿ ಒಪ್ಪುವುದಕ್ಕೆ ತೊಡಕುಗಳಿವೆ. ಅದರ ಎರಡನೆಯ ಹಾಳೆ ಬೇರೆ ಜಾತಿಯದು, ಸೀಸದ ಕಡ್ಡಿಯಲ್ಲಿ ಬರೆದದ್ದು. ಮೊದಲ ಹಾಳೆಯ ಕೊನೆಯ ಸಾಲು ಎರಡನೆಯದರ ಆದಿಗೆ ವ್ಯಾಕರಣರೀತ್ಯಾ ಸರಿಯಾಗಿ ಹೊಂದುವುದಿಲ್ಲ. ಅದೂ ಅಲ್ಲದೆ ಕೊನೆಯ ವಾಕ್ಯದಲ್ಲಿ, ರಾಷ್ಟ್ರವು ದೇವರ ಅಧೀನದಲ್ಲಿ ಸ್ವಾತಂತ್ರ್ಯದ ಹೊಸ ಹುಟ್ಟನ್ನು ಪಡೆಯುವುದೆಂಬಲ್ಲಿ, ದೇವರನ್ನು ಕುರಿತ ಎರಡು ಶಬ್ದಗಳು ನಿಕೊಲೆ ಪ್ರತಿಯಲ್ಲಿಲ್ಲ. ಹೇ ಪ್ರತಿಯಲ್ಲಿಯೂ ಇಲ್ಲ. ಅಸೋಸಿಯೇಟೆಡ್ ಪ್ರೆಸ್ಸಿನ ವರದಿಯಲ್ಲಿ ಅವು ಇವೆ. ಆದಕಾರಣ ಬರೆದಿರದ ಆ ಶಬ್ದಗಳನ್ನು ಅವನು ನಿಂತಲ್ಲಿಯೇ ಸೇರಿಸಿದನೆಂದು ಊಹಿಸುವುದು ಯುಕ್ತವಾಗಿದೆ. ಗಮನಿಸತಕ್ಕ ಇನ್ನೊಂದು ಸಂಗತಿಯೆಂದರೆ, ವರದಿಯಲ್ಲಿ ಆ ಶಬ್ದಗಳು ಕ್ರಿಯಾಪದದ ನಡುವೆ ಬರುತ್ತವೆ. 1864ರ ಮೂರು ಪ್ರತಿಗಳಲ್ಲಿಯೂ ರಾಷ್ಟ್ರವೆಂಬ ಶಬ್ದದ ಬೆನ್ನಿಗೇ ಬರುತ್ತವೆ. ಬಾಯಿಂದ ಹೊರಟದ್ದನ್ನು ಅವನು ಬಿಡಲಿಲ್ಲ. ಆದರೆ ಅದರ ಸ್ಥಾನವನ್ನು ಮೇಜಿನ ಮುಂದೆ ಕುಳಿತು ತಿದ್ದಿದನು.

ಇಂಥದೇ ಇನ್ನೊಂದು ತಿದ್ದುಪಡಿ ಇನ್ನೂ ಸೂಕ್ಷ್ಮವಾದದ್ದು. ಇಡೀ ಭಾಷಣದಲ್ಲಿ ಗೆಟ್ಟಿಸ್‌ಬರ್ಗ್ ಎಂಬ ಹೆಸರಿಲ್ಲ, ಸೇನಾಪತಿಗಳ ಹೆಸರಿಲ್ಲ, ಶತ್ರುವಿನ ನಿಂದೆಯಿಲ್ಲ, ಗುಲಾಮಗಿರಿಯೆಂಬ ಮಾತಿಲ್ಲ. ನಾನು ಎಂಬ ಸರ್ವನಾಮವೂ ಇಲ್ಲ. ಆದರೆ ಇಲ್ಲಿ ಎಂಬ ಸ್ಥಳವಾಚಕವು ಬ್ಲಿಸ್ ಪಾಠದಲ್ಲಿ ಎಂಟು ಸಲ, ಎವರೆಟ್ ಮತ್ತು ಬ್ಯಾಂಕ್ರಾಫ್ಟ್ ಪಾಠಗಳಲ್ಲಿ ಇನ್ನೂ ಒಂದು ಸಲ ಹೆಚ್ಚಾಗಿ ಬರುತ್ತದೆ. ಹೊಸ ಗೋರಿಗಳ ನಡುವೆ ನಿಂತು ಆಡಿದವನಿಗೆ ಆ ಶಬ್ದ ಬೆರಳು ತೋರುವಂತಿತ್ತು. ಕೇಳುವವರ ಕಾಲಕೆಳಗಿನ ಮಣ್ಣೇ ಅದರ ಅರ್ಥ. ಪುಸ್ತಕವನ್ನು ಬೇರೆಲ್ಲಿಯೋ ಕುಳಿತು ಓದುವವನಿಗೆ ಅದು ಅಷ್ಟು ಅವಶ್ಯವಲ್ಲ. ಕಡೆಯ ಪ್ರತಿಯಲ್ಲಿ ಒಂದನ್ನು ತೆಗೆದುಹಾಕಿದುದು ಶ್ರೋತೃವಿನಿಂದ ವಾಚಕನ ಕಡೆಗೆ ಇಟ್ಟ ಹೆಜ್ಜೆಯೆಂದು ತೋರುತ್ತದೆ. ಹೀಗೆ ನೋಡಿದರೆ ಬ್ಲಿಸ್ ಪ್ರತಿಯು ಅಂದು ಆಡಿದ ಭಾಷಣದ ನಕಲಲ್ಲ. ಆಡಿದುದಕ್ಕೆ ವರದಿಗಳೇ ಹೆಚ್ಚು ಸಮೀಪವಾದ ಸಾಕ್ಷಿಗಳು. ಬ್ಲಿಸ್ ಪ್ರತಿಯು ಕರ್ತೃವಿನ ಅಂತಿಮ ಸಂಕಲ್ಪಕ್ಕೆ ಸಾಕ್ಷಿ. ಸಂಪಾದಕನು ಇವೆರಡನ್ನೂ ಬೆರಸಿ ಮೂರನೆಯದೊಂದನ್ನು ಮಾಡಲಾಗದು.

ಪಾಠವು ಎಷ್ಟೇ ಬದಲಾದರೂ ಒಂದು ಅಂಶ ಎಲ್ಲ ಪ್ರತಿಗಳಲ್ಲಿಯೂ ಅಚಲವಾಗಿದೆ. ಅದು ಮೊದಲ ವಾಕ್ಯದ ಗಣಿತ. 1863ರಿಂದ 87ನ್ನು ಕಳೆದರೆ ಬರುವುದು 1776, ಸ್ವಾತಂತ್ರ್ಯಘೋಷಣೆಯ ವರ್ಷ. ರಾಜ್ಯಾಂಗವು ರಚಿತವಾದದ್ದು 1787ರಲ್ಲಿ. ಅಲ್ಲಿಂದ ಎಣಿಸಿದ್ದರೆ 76 ಎನ್ನಬೇಕಾಗಿತ್ತು. ರಾಜ್ಯಾಂಗವು ಗುಲಾಮರ ವಿಷಯದಲ್ಲಿ ರಾಜಿ ಮಾಡಿಕೊಂಡಿತ್ತು. ಪ್ರಾತಿನಿಧ್ಯದ ಲೆಕ್ಕದಲ್ಲಿ ಐವರು ಗುಲಾಮರನ್ನು ಮೂವರೆಂದು ಎಣಿಸುತ್ತಿತ್ತು. ಸಮಾನತೆಯ ಮಾತಿದ್ದುದು ಘೋಷಣೆಯಲ್ಲಿ. ರಾಷ್ಟ್ರದ ಜನ್ಮಸಂವತ್ಸರವನ್ನು ಹನ್ನೊಂದು ವರ್ಷ ಹಿಂದಕ್ಕೆ ಸರಿಸಿ ಲಿಂಕನನು ಆ ಜಾತಕವನ್ನೇ ಬದಲಾಯಿಸಿದನು. ಇದನ್ನು ಆಗಲೇ ಕಂಡುಕೊಂಡವರು ಅವನ ಮಿತ್ರರಲ್ಲ, ವಿರೋಧಿಗಳು. ಚಿಕಾಗೋ ಟೈಮ್ಸ್ ಪತ್ರಿಕೆಯು ರಾಜ್ಯಾಂಗದ ವಿಧಿಗಳನ್ನು ಉದಾಹರಿಸಿ, ಸೈನಿಕರು ಪ್ರಾಣಬಿಟ್ಟದ್ದು ಈ ರಾಜ್ಯಾಂಗಕ್ಕಾಗಿಯೇ ಹೊರತು ಸಮಾನತೆಗಾಗಿ ಅಲ್ಲವೆಂದು ಆಕ್ಷೇಪಿಸಿತು. ಆಕ್ಷೇಪದ ಮಾತು ಕಟುವಾಗಿದ್ದರೂ ಓದು ತಪ್ಪಾಗಿರಲಿಲ್ಲ. ಅದಕ್ಕೆ ಹೋಲಿಸಿದರೆ, ಇಂಥ ಅವಿವೇಕದ ಮಾತುಗಳನ್ನು ಮರೆವಿನ ತೆರೆ ಮುಚ್ಚಲಿ ಎಂದು ಬರೆದ ಹ್ಯಾರಿಸ್‌ಬರ್ಗಿನ ಪತ್ರಿಕೆಯು ಏನನ್ನೂ ಓದಿರಲಿಲ್ಲ. ಅದರ ಉತ್ತರಾಧಿಕಾರಿಯಾದ ಪತ್ರಿಕೆ 2013ರಲ್ಲಿ, ನೂರೈವತ್ತು ವರ್ಷಗಳ ಮೇಲೆ, ಆ ಅಭಿಪ್ರಾಯವನ್ನು ಹಿಂತೆಗೆದುಕೊಂಡಿತು. ಎರಡು ಗಂಟೆಗಳ ಕಾಲ ಮಾತನಾಡಿದ್ದ ಎವರೆಟನಾದರೋ ಮರುದಿನವೇ ಲಿಂಕನನಿಗೆ ಪತ್ರ ಬರೆದು, ಅಧ್ಯಕ್ಷನು ಎರಡು ನಿಮಿಷಗಳಲ್ಲಿ ಮುಟ್ಟಿದ ಮುಖ್ಯಾಂಶದ ಸಮೀಪಕ್ಕೆ ತಾನು ಎರಡು ಗಂಟೆಗಳಲ್ಲಿ ಬಂದಿದ್ದರೆ ಸಂತೋಷಪಡುವೆನೆಂದು ಒಪ್ಪಿಕೊಂಡನು.

ಲಿಂಕನನು 1865ನೆಯ ಏಪ್ರಿಲಿನಲ್ಲಿ ಹತನಾದನು. ಅದೇ ವರ್ಷದ ಡಿಸೆಂಬರಿನಲ್ಲಿ ಹದಿಮೂರನೆಯ ತಿದ್ದುಪಡಿಯು ಗುಲಾಮಗಿರಿಯನ್ನು ನಿಷೇಧಿಸಿತು. 1868ರ ಹದಿನಾಲ್ಕನೆಯ ತಿದ್ದುಪಡಿಯು ಕಾನೂನಿನ ಸಮಾನರಕ್ಷಣೆಯನ್ನು ರಾಜ್ಯಾಂಗದೊಳಕ್ಕೆ ತಂದಿತು. 1963ರಲ್ಲಿ ಮಾರ್ಟಿನ್ ಲೂಥರ್ ಕಿಂಗನು ಲಿಂಕನ್ ಸ್ಮಾರಕದ ಮೆಟ್ಟಿಲುಗಳ ಮೇಲೆ ನಿಂತು ಇಪ್ಪತ್ತುಗಳ ಎಣಿಕೆಯಿಂದಲೇ ತನ್ನ ಭಾಷಣವನ್ನು ಆರಂಭಿಸಿದುದು, ಆ ಸಮಾನತೆ ಕಾಗದದಲ್ಲಿಯೇ ಉಳಿದಿತ್ತೆಂದು ನೆನಪು ಮಾಡಿಕೊಡುವುದಕ್ಕೆ.

ಕೊನೆಯ ವಾಕ್ಯವು 82 ಶಬ್ದಗಳಷ್ಟು ದೀರ್ಘವಾದದ್ದು. ಅದರ ಅಂತ್ಯದಲ್ಲಿರುವ ಪ್ರಭುತ್ವದ ಲಕ್ಷಣವು ಭಾಷಣದಿಂದ ಬೇರ್ಪಟ್ಟು ಲೋಕೋಕ್ತಿಯಾಗಿದೆ. ಈ ಮಾತಿನ ಕಟ್ಟು ಲಿಂಕನನ ಸ್ವಂತದ್ದಲ್ಲ: 1830ರಲ್ಲಿ ಡ್ಯಾನಿಯಲ್ ವೆಬ್‌ಸ್ಟರನೂ, ಅನಂತರ ಥಿಯೊಡೋರ್ ಪಾರ್ಕರನೆಂಬ ಧರ್ಮೋಪದೇಶಕನೂ ಇದಕ್ಕೆ ಸದೃಶವಾದ ಮಾತುಗಳನ್ನಾಡಿದ್ದರು. 1958ರ ಫ್ರೆಂಚ್ ರಾಜ್ಯಾಂಗವು ಇದನ್ನು ತನ್ನ ತತ್ತ್ವವಾಗಿ ಸ್ವೀಕರಿಸಿದೆ. ಕನ್ನಡದ ಶಾಲೆಗಳಲ್ಲಿಯೂ ಇದು ಬಾಯಿಪಾಠವಾಗಿರುವ ಮಾತು. ಆದರೆ ಕನ್ನಡಕ್ಕೆ ಬರುವಾಗ ಇದಕ್ಕೊಂದು ನಷ್ಟವೊದಗಿದೆ. ಪ್ರಜೆಗಳಿಂದ, ಪ್ರಜೆಗಳಿಗಾಗಿ, ಪ್ರಜೆಗಳಿಗೋಸ್ಕರ ಎಂಬ ರೂಪ ಎಲ್ಲೆಲ್ಲಿಯೂ ಕೇಳಿಬರುತ್ತದೆ. ಇವುಗಳಲ್ಲಿ ಎರಡನೆಯದೂ ಮೂರನೆಯದೂ ಅರ್ಥದಲ್ಲಿ ಒಂದೇ. ಮೂಲದಲ್ಲಿ ಮೊದಲು ಬರುವ ಷಷ್ಠ್ಯರ್ಥ, ಎಂದರೆ ಪ್ರಜೆಗಳ ಎಂಬುದು, ಕಾಣೆಯಾಗಿದೆ. ಪ್ರಭುತ್ವವು ಯಾರಿಗೆ ಸೇರಿದ್ದೆಂಬುದನ್ನು ಹೇಳುವ ಭಾಗವೇ ಇದು. ಇದರ ಜೊತೆಗೆ, ಪ್ರಜೆ ಎಂಬ ಶಬ್ದಕ್ಕೆ ಸಂಸ್ಕೃತದಲ್ಲಿ ಸಂತಾನವೆಂಬ ಅರ್ಥವೂ, ರಾಜನ ಆಳ್ವಿಕೆಗೆ ಒಳಪಟ್ಟವರೆಂಬ ಅರ್ಥವೂ ಇವೆ. ಮೂಲದ ಶಬ್ದದಲ್ಲಿ ಅರಸನ ನೆರಳಿಲ್ಲ. ಜನ ಎಂಬುದು ಅದಕ್ಕೆ ಹೆಚ್ಚು ಹತ್ತಿರ. ತರಗತಿಯಲ್ಲಿ ಈ ವಾಕ್ಯವನ್ನು ವಿವರಿಸುವ ಅಧ್ಯಾಪಕನು ಜನರ, ಜನರಿಂದ, ಜನರಿಗಾಗಿ ಎಂದು ಮೂಲದ ಕ್ರಮದಲ್ಲಿಯೇ ಹೇಳಿದರೆ ವಿಭಕ್ತಿಗಳು ಮೂರೂ ನಿಲ್ಲುತ್ತವೆ. ಇಂಗ್ಲಿಷಿನಲ್ಲಿ ಪ್ರತಿ ಖಂಡದ ಕೊನೆಗೆ ಬೀಳುವ ಜನಶಬ್ದದ ಭಾರವು ಕನ್ನಡದಲ್ಲಿ ಮೊದಲಿಗೆ ಬೀಳುತ್ತದೆ, ಪ್ರತ್ಯಯಗಳ ಭೇದವು ಕೊನೆಗೆ ಕೇಳಿಸುತ್ತದೆ.