ಟೋಪಿಗಾರನ ಹುಚ್ಚು

ನಮ್ಮಲ್ಲಿ ‘ಟೋಪಿ ಹಾಕಿದ’ ಎಂದರೆ ಮೋಸಮಾಡಿದ ಎಂದರ್ಥ. ಇಂಗ್ಲಿಷಿನಲ್ಲಿಯೂ ಟೋಪಿಯ ನುಡಿಗಟ್ಟೊಂದುಂಟು: ‘ಮ್ಯಾಡ್ ಆ್ಯಸ್ ಎ ಹ್ಯಾಟರ್.’ ‘ಟೋಪಿ ತಯಾರಿಸುವವನಷ್ಟು ಹುಚ್ಚ’ ಎಂಬುದು ಇದರ ಶಬ್ದಾರ್ಥ. ಬುದ್ಧಿ ಪೂರ್ಣವಾಗಿ ಕೆಟ್ಟವನು ಎಂಬುದು ಭಾವಾರ್ಥ. ಟೋಪಿಗೂ ಹುಚ್ಚಿಗೂ ಎಲ್ಲಿಯ ನಂಟು?

ಇದಕ್ಕೆ ಉತ್ತರವನ್ನು ರಸಾಯನಶಾಸ್ತ್ರದಲ್ಲಿ ಹುಡುಕಬೇಕು. ಫೆಲ್ಟ್ ಟೋಪಿಗಳನ್ನು ಮೊಲ ಮೊದಲಾದ ಪ್ರಾಣಿಗಳ ತುಪ್ಪುಳದಿಂದ ಮಾಡುತ್ತಾರೆ. ನಯವಾದ ರೋಮಗಳು ಒಂದಕ್ಕೊಂದು ಸುಲಭವಾಗಿ ಹೆಣೆದುಕೊಳ್ಳಲಾರವು. ಆದುದರಿಂದ ಹಿಂದೆ ಅವಕ್ಕೆ ಪಾದರಸದ ನೈಟ್ರೇಟ್ ದ್ರಾವಣವನ್ನು ಬಳಿಯುತ್ತಿದ್ದರು. ಆಗ ರೋಮಗಳು ಒರಟಾಗಿ, ಗಟ್ಟಿಯಾಗಿ ಬೆಸೆದುಕೊಳ್ಳುತ್ತಿದ್ದವು. ಆದರೆ ತುಪ್ಪುಳವನ್ನು ಒಣಗಿಸುವಾಗಲೂ ಹಬೆಯಲ್ಲಿ ಹದಗೊಳಿಸುವಾಗಲೂ ಪಾದರಸದ ಆವಿ ಹೊರಟು, ಗಾಳಿಯಾಡದ ಕಾರ್ಖಾನೆಯಲ್ಲಿ ತುಂಬುತ್ತಿತ್ತು. ವರ್ಷಗಟ್ಟಲೆ ಅದನ್ನು ಉಸಿರಾಡಿದ ಕೆಲಸಗಾರನ ಕೈ ನಡುಗುತ್ತಿತ್ತು, ಮಾತು ತೊದಲುತ್ತಿತ್ತು, ನೆನಪು ಕುಂದುತ್ತಿತ್ತು. ಆತ ಅಕಾರಣವಾಗಿ ಸಿಡುಕುತ್ತಿದ್ದ, ಜನರ ಮುಂದೆ ನಿಲ್ಲಲು ನಾಚುತ್ತಿದ್ದ. ಟೋಪಿಯ ಉದ್ಯಮಕ್ಕೆ ಹೆಸರಾಗಿದ್ದ ಅಮೆರಿಕದ ಡ್ಯಾನ್‌ಬರಿಯಲ್ಲಿ ಇದನ್ನು ‘ಡ್ಯಾನ್‌ಬರಿ ನಡುಕ’ ಎಂದೇ ಕರೆಯುತ್ತಿದ್ದರು.

ಈ ನುಡಿಗಟ್ಟು ಇದರಿಂದಲೇ ಹುಟ್ಟಿತೆಂಬುದನ್ನು ಎಲ್ಲ ವಿದ್ವಾಂಸರೂ ಒಪ್ಪುವುದಿಲ್ಲ. ಲೂಯಿಸ್ ಕ್ಯಾರಲ್ 1865ರಲ್ಲಿ ತನ್ನ ಆಲಿಸಳ ಕಥೆಯಲ್ಲಿ ಟೋಪಿಗಾರನನ್ನು ತರುವ ಮೊದಲೇ ಇದು ಬಳಕೆಯಲ್ಲಿತ್ತು. ಮೂಲ ಏನೇ ಇರಲಿ, ರೋಗ ಮಾತ್ರ ನಿಜ. ಅಮೆರಿಕದ ಟೋಪಿ ಕಾರ್ಖಾನೆಗಳಲ್ಲಿ ಪಾದರಸದ ಬಳಕೆಗೆ ತಡೆ ಬಿದ್ದುದು 1941ರಲ್ಲಿ.

ರೋಗ ಹೋಯಿತು, ಮಾತು ಉಳಿಯಿತು. ಪಠ್ಯದಲ್ಲಿ ಈ ನುಡಿಗಟ್ಟನ್ನು ಕಂಡು ನಗುವಾಗ, ವಿದ್ಯಾರ್ಥಿಗಳು ಆ ನಡುಗುವ ಕೈಗಳನ್ನೂ ಒಮ್ಮೆ ನೆನೆಯಬೇಕು.