ಬೀಡಿಗೂ ಉಕ್ಕಿಗೂ ಬೀಗತನ: ಅವಸರ ಮಾಡಿದರೆ ಸಂಬಂಧ ಮುರಿಯಿತು!

"ಟಕ್" ಅಂತ ಒಂದೇ ಸಪ್ಪಳ. ಅಷ್ಟೇ!

ಬಸ್ಸಿಗೆ ಕಾಯುತ್ತ ಕಬ್ಬಿನ ಹಾಲಿನ ಗ್ಲಾಸು ಹಿಡಿದು ನಿಂತಿದ್ದ ನಾಲ್ಕು ಮಂದಿ ಗಾಬರಿಯಾಗಿ ಹಿಂದೆ ಸರಿದರು. ಗಾಣದ ಹಲ್ಲಿನ ಗಾಲಿ ಎರಡು ಹೋಳಾಗಿತ್ತು. ಒಂದು ಹೋಳು ಅಂಗಡಿಯವರ ಕಾಲ ಪಕ್ಕದಲ್ಲೇ ಬಿದ್ದಿತ್ತು. ಇನ್ನೊಂದು ಗೇಣು ಈಚೆ ಬಿದ್ದಿದ್ದರೆ ಕಾಲ್ಬೆರಳು ಹೋದಂತೆಯೇ.

"ಮೂರು ದಿನದ ಹಿಂದಷ್ಟ ವೆಲ್ಡಿಂಗ್ ಮಾಡ್ಸೇನ್ರಿ. ಎಷ್ಟು ದಪ್ಪ ಹೊಡದಾರ ನೋಡ್ರಿ. ಆದ್ರೂ ಹೋತು!" ಅಂತ ಅಂಗಡಿಯವರು ತಲೆಗೆ ಕೈ ಹಚ್ಚಿ ಕೂತರು. ಬೇಸಿಗೆಯ ಹಂಗಾಮು. ಗಾಣ ನಿಂತರೆ ಗಲ್ಲಾ ಪೆಟ್ಟಿಗೆಯೂ ನಿಂತಂತೆ.

ದಪ್ಪ ಹೊಡೆದದ್ದು ಸುಳ್ಳಲ್ಲ. ಸಡಿಲಾದ ಗಾಲಿಯನ್ನು ಶಾಫ್ಟಿಗೆ ಹಚ್ಚಿ, ಸಾದಾ ರಾಡಿನಿಂದ ಸುತ್ತಲೂ ವೆಲ್ಡಿಂಗ್ ಎಳೆದು, ಲಗೂನೆ ಆರಲಿ ಅಂತ ಮೇಲೆ ಒಂದು ತಂಬಿಗೆ ನೀರು ಸುರಿದಿದ್ದರು. ಐದು ಮಿನಿಟಿನ ಕೆಲಸ. ಮುರಿಯುವ ಬೀಜ ಬಿತ್ತಿದ್ದೇ ಆ ಐದು ಮಿನಿಟಿನಲ್ಲಿ.

ಎರಡೂ ಕಬ್ಬಿಣವೇ, ಸ್ವಭಾವ ಬೇರೆ

ಅಂಗಡಿಯವರ ಜೊತೆ ನಾವೂ ಖಾನಾಪುರ ರಸ್ತೆಯ ಉದ್ಯಮಬಾಗದ ಕಡೆ ಹೋದೆವು. ಎರಕದ ಕಾರಖಾನೆಗಳೂ ಲೇತ್ ಅಂಗಡಿಗಳೂ ಇರುವ ಜಾಗ. ಅಲ್ಲಿಯ ಹಳೆಯ ಮಿಸ್ತ್ರಿಯೊಬ್ಬರು ಮುರಿದ ಹೋಳನ್ನು ಬೆಳಕಿಗೆ ಹಿಡಿದು ನೋಡಿ ನಕ್ಕರು. "ಗಾಲಿ ಬೀಡು, ಶಾಫ್ಟ್ ಉಕ್ಕು. ಇವೆರಡರ ಬೀಗತನ ಹಿಂಗ ಗಡಿಬಿಡಿ ಮಾಡಿದ್ರ ಉಳಿಯೂದಿಲ್ರಿ" ಅಂದರು.

ಮಾತು ಲೆಕ್ಕದ ಪ್ರಕಾರವೂ ಸರಿ. ಸಾದಾ ಉಕ್ಕಿನಲ್ಲಿ ಇಂಗಾಲ ನೂರಕ್ಕೆ 0.2ರಷ್ಟು. ಶಾಫ್ಟಿಗೆ ಬಳಸುವ ಇಎನ್-8 ಉಕ್ಕಿನಲ್ಲಿ 0.4ರ ಆಸುಪಾಸು. ಬೀಡಿನಲ್ಲಾದರೋ 3ರ ಮೇಲೆಯೇ! ಆ ಇಂಗಾಲದ ಬಹುಭಾಗ ಪೆನ್ಸಿಲ್ ಕಡ್ಡಿಯ ಗ್ರಾಫೈಟ್‌ನಂತೆ ತೆಳು ಪದರಗಳಾಗಿ ಒಳಗೆ ಕೂತಿರುತ್ತದೆ. ಆದ್ದರಿಂದ ಬೀಡು ಎಷ್ಟು ಭಾರ ಹೇರಿದರೂ ತಡೆಯುತ್ತದೆ, ಆದರೆ ಎಳೆದರೆ ಹಿಗ್ಗುವುದಿಲ್ಲ, ನೇರ ಸೀಳುತ್ತದೆ.

ಈಗ ವೆಲ್ಡಿಂಗ್ ನೋಡಿ. ಕಾಯಿಸಿದ್ದು ಆರುವಾಗ ಕುಗ್ಗುತ್ತದೆ, ಕುಗ್ಗುವಾಗ ಪಕ್ಕದ್ದನ್ನು ಎಳೆಯುತ್ತದೆ. ಉಕ್ಕು ಸ್ವಲ್ಪ ಹಿಗ್ಗಿ ಹೊಂದಿಕೊಳ್ಳುತ್ತದೆ. ಬೀಡಿಗೆ ಆ ಗುಣವಿಲ್ಲ. ಜೊತೆಗೆ ಬೆಸುಗೆಯ ಅಂಚಿನ ಬೀಡು ದಿಢೀರನೆ ತಣ್ಣಗಾದರೆ ಗಾಜಿನಂತೆ ಬಿರುಸಾಗುತ್ತದೆ. ಅರ ಹಚ್ಚಿದರೂ ಜಾರುತ್ತದೆ. ಅದರ ಮೇಲೆ ನೀರು ಬೇರೆ! ಹೊರಗೆ ಮಿಂಚುವ ಬೆಸುಗೆ, ಒಳಗೆ ಕೂದಲೆಳೆಯ ಬಿರುಕು. ಕಬ್ಬಿನ ಜೋರು ಬಿದ್ದೊಡನೆ "ಟಕ್!"

ಹಿತ್ತಾಳೆಯ ಮಧ್ಯಸ್ಥಿಕೆ

ಹಾಗಾದರೆ ಈ ಎರಡನ್ನೂ ಕೂಡಿಸುವುದೇ ಸಾಧ್ಯವಿಲ್ಲವೇ? ಯಾಕಿಲ್ಲ? ಅದೇ ಹೊತ್ತಿಗೆ ಮಿಸ್ತ್ರಿಯವರ ಮೇಜಿನ ಮೇಲೆ ಕೈಯಿಂದ ತಿರುಗಿಸುವ ಒಂದು ಶಾವಿಗೆ ಯಂತ್ರ ಬಂದಿತ್ತು. ಬೀಡಿನ ಹಿಡಿಕೆ ಉಕ್ಕಿನ ಶಾಫ್ಟಿನಿಂದ ಕಳಚಿಕೊಂಡಿತ್ತು. ಅದಕ್ಕೆ ಅವರು ಹಿಡಿದದ್ದು ಹಿತ್ತಾಳೆ ಕಡ್ಡಿ.

ಇದಕ್ಕೇ ಬ್ರೇಜಿಂಗ್ ಅನ್ನುವುದು. ಬೀಡು ಕರಗಲು ಸುಮಾರು 1,150ರಿಂದ 1,200 ಡಿಗ್ರಿ ಸೆಲ್ಸಿಯಸ್ ಬೇಕು. ಉಕ್ಕಿಗೆ 1,450ರ ಮೇಲೆ. ಹಿತ್ತಾಳೆ ಕಡ್ಡಿ 900ರ ಹತ್ತಿರವೇ ಹರಿಯುತ್ತದೆ. ಅಂದರೆ ಗಂಡಿನ ಕಡೆಯವರನ್ನೂ ಕರಗಿಸದೆ, ಹೆಣ್ಣಿನ ಕಡೆಯವರನ್ನೂ ಕರಗಿಸದೆ ನಡುವೆ ಕೂತು ಸಂಬಂಧ ಕುದುರಿಸುವ ಹಿರಿಯನಿದ್ದ ಹಾಗೆ! ಹಿತ್ತಾಳೆ ತಾನೇ ಮೆತ್ತಗಿರುವುದರಿಂದ ಆರುವಾಗಿನ ಎಳೆತವನ್ನೂ ಒಂದಿಷ್ಟು ತಾನೇ ನುಂಗುತ್ತದೆ.

ಆದರೆ ತಯಾರಿಯೇ ಮುಕ್ಕಾಲು ಕೆಲಸ. ಮೊದಲು ಎಣ್ಣೆ, ಜಿಡ್ಡು, ತುಕ್ಕು ಎಲ್ಲ ಹೋಗಬೇಕು. ಬೀಡಿನ ಮೈಯನ್ನು ಗ್ರೈಂಡರಿನಿಂದ ಉಜ್ಜಿದರೆ ಗ್ರಾಫೈಟ್ ಮೈಗೆಲ್ಲ ಬಳಿದುಕೊಳ್ಳುತ್ತದೆ. ಕಾಡಿಗೆ ಹಚ್ಚಿದ ಮೇಲೆ ಅಂಟು ಹಿಡಿದೀತೇ? ಅದಕ್ಕೇ ಮಿಸ್ತ್ರಿ ಅರದಿಂದಲೇ ತಿಕ್ಕಿದರು. ಬಿಳಿಗಾರ ಹಾಕಿದರು. ಗ್ಯಾಸಿನ ಉರಿಯನ್ನು ಒಂದೇ ಕಡೆ ಇಡದೆ ಇಡೀ ಭಾಗಕ್ಕೆ ಆಡಿಸಿ ಮಂದಗೆಂಪು ಮಾಡಿದರು. ಆಗ ಮುಟ್ಟಿಸಿದ ಹಿತ್ತಾಳೆ, ಬಿಸಿ ರೊಟ್ಟಿಯ ಮೇಲಿನ ಬೆಣ್ಣೆಯಂತೆ ಸಂದಿಗೆ ಇಳಿಯಿತು.

ಮುಗಿಯಿತೆ? ಇಲ್ಲ. ಯಂತ್ರದ ಭಾಗವನ್ನು ಒಣ ಬೂದಿಯಲ್ಲಿ ಹೂತಿಟ್ಟು, "ನಾಳೆ ಮುಂಜಾನೆ ಬರ್ರಿ" ಅಂದರು. ಗಿರಾಕಿ ಮುಖ ಹುಳಿ ಮಾಡಿದರೂ ಅವರು ಕದಲಲಿಲ್ಲ. ನೀರು ಹಾಕುವ ಮಾತಂತೂ ಇಲ್ಲವೇ ಇಲ್ಲ.

ಇದೂ ಎಲ್ಲದಕ್ಕೂ ಮದ್ದಲ್ಲ

ಕೆಂಪಗೆ ಕಾಯುವ ಭಾಗಕ್ಕೆ ಹಿತ್ತಾಳೆ ನಿಲ್ಲದು, ಬಿಸಿಗೆ ಅದರ ಬಲ ಕುಗ್ಗುತ್ತದೆ. ರಸ, ಹಿಟ್ಟು ತಾಗುವ ಜಾಗಕ್ಕೂ ಬೇಡ. ಶಾವಿಗೆ ಯಂತ್ರದ ಹೊರಗಿನ ಹಿಡಿಕೆಗೆ ನಡೆದದ್ದು ಒಳಭಾಗಕ್ಕೆ ನಡೆಯದು. ಜೋರಾಗಿ ತಿರುಗುವ ಗಿರಣಿಯ ಪುಲ್ಲಿ, ಫ್ಲೈವೀಲ್‌ಗಳಿಗೆ ಬೀದಿ ಬದಿಯ ಬೆಸುಗೆಯೇ ಬೇಡ. ಬಿಚ್ಚಿಕೊಂಡರೆ ಅದು ಗುಂಡು ಹಾರಿದಂತೆ. ಇನ್ನು ನಾವು ನೀವು ದಿನಾ ಹತ್ತುವ ಗಾಡಿಗಳ ಸ್ಟಿಯರಿಂಗ್, ಬ್ರೇಕಿನ ಭಾಗ ಮುರಿದರೆ ಹೊಸದೇ ಆಗಬೇಕು. ಅಲ್ಲಿ ಉಳಿಸಿದ ರೂಪಾಯಿ ಪ್ರಯಾಣಿಕರ ಜೀವದ ಲೆಕ್ಕದಲ್ಲಿ ಬರುತ್ತದೆ.

ಕೆಲಸಗಾರರ ಕಷ್ಟವನ್ನೂ ಹೇಳಬೇಕು. ಹಿತ್ತಾಳೆ ಅತಿಯಾಗಿ ಕಾದರೆ ಅದರೊಳಗಿನ ಸತು ಬಿಳಿ ಹೊಗೆಯಾಗಿ ಏಳುತ್ತದೆ. ಅದನ್ನು ಕುಡಿದವನಿಗೆ ರಾತ್ರಿ ನಡುಗಿಸುವ ಜ್ವರ. ಹಾಲು ಕುಡಿದರೆ ಹೋಗುತ್ತದೆ ಅನ್ನುವುದು ಬರೀ ನಂಬಿಕೆ. ಗಾಳಿಯಾಡುವ ಜಾಗವೇ ಮೊದಲ ಮದ್ದು.

ಚಕ್ಕಡಿ ಗಾಲಿಯ ಪಾಠ

ಕಡೆಗೆ ಗಾಣದ ಗತಿ ಏನಾಯಿತು? ಮಿಸ್ತ್ರಿ ಅದಕ್ಕೆ ಬೆಸುಗೆಯನ್ನೇ ಮಾಡಲಿಲ್ಲ. "ಹಲ್ಲಿನ ಮ್ಯಾಲೆ ಜೋರು ಭಾಳ ಬೀಳ್ತೈತಿ, ಹೊಸಾ ಗಾಲಿ ತರ್ರಿ" ಅಂದರು. ತಂದ ಗಾಲಿಯ ತೂತನ್ನು ಲೇತಿನಲ್ಲಿ ಶಾಫ್ಟಿಗಿಂತ ಕೂದಲೆಳೆಯಷ್ಟು ಸಣ್ಣದಾಗಿ ಕೊರೆಸಿ, ಕಾಯಿಸಿ, ಶಾಫ್ಟಿಗೆ ಏರಿಸಿದರು. 50 ಮಿಲಿಮೀಟರ್ ತೂತು 200 ಡಿಗ್ರಿ ಹೆಚ್ಚು ಕಾದರೆ ಸುಮಾರು 0.1 ಮಿಲಿಮೀಟರ್ ಹಿಗ್ಗುತ್ತದೆ. ಆರಿದ ಮೇಲೆ ಉಡದ ಹಿಡಿತ! ಮೇಲೊಂದು ಹೊಸ ಕೀ ಬಡಿದರು. ನಮ್ಮ ಹಳ್ಳಿಯ ಕಮ್ಮಾರರು ಚಕ್ಕಡಿ ಗಾಲಿಗೆ ಹಳಿ ಕಾಯಿಸಿ ಏರಿಸುತ್ತಿದ್ದ ವಿದ್ಯೆಯೇ ಇದು.

"ಗಾಲಿ ಸಡಿಲಾದ ದಿನಾನ ಬಂದಿದ್ರ ಬರೇ ಕೀ ಬದಲಿ ಮಾಡಿದ್ರ ಸಾಕಿತ್ತು" ಅಂತ ಮಿಸ್ತ್ರಿ ಅಂದಾಗ ಅಂಗಡಿಯವರು ಮಾತಾಡಲಿಲ್ಲ.

ಅಂಗಡಿಕಾರ ಬಂಧುಗಳೇ, ಯಂತ್ರ ಕೆಟ್ಟಾಗ "ಎಷ್ಟೊತ್ತಿಗೆ ಆಗ್ತದ?" ಅಂತ ಕೇಳುವ ಮೊದಲು "ಇದು ಬೀಡೋ, ಉಕ್ಕೋ?" ಅಂತ ಕೇಳಿ. ಐದು ಮಿನಿಟಿನಲ್ಲಿ ಮಾಡಿಕೊಡುತ್ತೇನೆ ಅನ್ನುವವನಿಗಿಂತ ನಾಳೆ ಬಾ ಅನ್ನುವವನನ್ನು ನಂಬಿ. ನಿಮ್ಮ ಗಾಣದ ಮುಂದೆ ಗ್ಲಾಸು ಹಿಡಿದು ನಿಲ್ಲುವವರು ನಾವೇ!